ಹಂಡೆ ಒಲೆಯ ಬಾಬತ್ತು

ಬಾಡಿಗೆ ಕರಾರಿನಲ್ಲಿ ಇದರ ಮಾತಿಲ್ಲ.
ಎರಡು ಫ್ಯಾನು, ಮೂರು ಟ್ಯೂಬ್‌ಲೈಟು, ಸಿಂಕು ಒಂದು
ಅಂತ ಬರೆದ ಓನರು ಒಲೆಯನ್ನು ಬಿಟ್ಟಿದ್ದಾರೆ.
ನಾನೇ ಹೇಳಿಹೋಗುತ್ತೇನೆ, ಮೆಹಜಬೀನ್ ಅವರೇ,
ಟೆಂಪೋ ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇದೆ.

ಮೊದಲು ನೀರು, ಆಮೇಲೆ ಬೆಂಕಿ.
ಶ್ರೀರಾಮಪುರದ ನಲ್ಲಿಯನ್ನು ನಂಬಬೇಡಿ,
ಬಂದರೂ ಕೆಮ್ಮುತ್ತಾ ಬರುತ್ತದೆ.
ಹಂಡೆಗೆ ಕೈಯಿಳಿಸಿ ನೋಡಿ, ಮೊಣಕೈ ಒದ್ದೆಯಾದರೆ ಸರಿ.
ಬರಿಹಂಡೆಗೆ ಉರಿ ಹಾಕಿದರೆ ತಾಮ್ರ ಬಾಯಿಬಿಡುತ್ತದೆ.
ಒಮ್ಮೆ ನಾನೇ ಹಾಕಿದ್ದೆ. ತಳದಲ್ಲಿ ಬೆಸುಗೆಯ ಗುರುತಿದೆ,
ಕಾಟನ್‌ಪೇಟೆಯವನು ನೂರೆಂಬತ್ತು ತಗೊಂಡ.

ಸೌದೆ.
ಮೇ ತಿಂಗಳ ಗಾಳಿಗೆ ಮಲ್ಲೇಶ್ವರದ ಕಡೆ ಮರ ಬೀಳುತ್ತವೆ,
ಕಡಿದು ಫುಟ್‌ಪಾತಿಗೆ ಸರಿಸಿರುತ್ತಾರೆ, ಕೇಳಿ ತನ್ನಿ.
ಆದರೆ ಒಂದು ವರ್ಷ ಮೆಟ್ಟಿಲ ಕೆಳಗೆ ಒಣಗಲಿ.
ಎರಡು ತುಂಡು ಒಂದಕ್ಕೊಂದು ಬಡಿಯಿರಿ:
ಟಣ್ ಅಂದರೆ ಸೌದೆ,
ಧಪ್ ಅಂದರೆ ಇನ್ನೂ ಮರ.

ಪೇಂಟು ಬಳಿದ ಬಾಗಿಲು, ಪ್ಲೈವುಡ್ಡು, ಹಾಲಿನ ಕವರು,
ಒಲೆ ಯಾವುದನ್ನೂ ಒಲ್ಲೆ ಅನ್ನುವುದಿಲ್ಲ,
ಅನ್ನಬೇಕಾದವರು ನಾವು.
ಸೀಮೆಎಣ್ಣೆಯಂತೂ ಬೇಡವೇ ಬೇಡ,
ಒಂದು ಹಿಡಿ ನಾರು, ಎರಡು ಚಿಪ್ಪು ಸಾಕು.
ಊದಿ; ಉಸಿರೆಳೆಯುವಾಗ ಮುಖ ತಿರುಗಿಸಿ.
ನಿಮ್ಮ ದುಪಟ್ಟಾ ನೈಲಾನು. ಬಾಗಿಲಾಚೆ ಮೊಳೆ ಇದೆ,
ಅದಕ್ಕೆ ತಗಲಿಹಾಕಿ ಒಳಗೆ ಬನ್ನಿ.

ಹೊಗೆಕೊಳವೆ ತಗಡಿನದು. ಮಸಿ ಕಟ್ಟಿದರೆ ಅದೇ ಹೊತ್ತಿಕೊಳ್ಳುತ್ತದೆ.
ಎದುರುಮನೆ ತಿಮ್ಮರಾಯಿಯವರದು
ಒಂದು ಯುಗಾದಿಯ ಬೆಳಗ್ಗೆ ರೈಲಿನ ಹಾಗೆ ಬುಸುಗುಟ್ಟಿತು,
ಎಣ್ಣೆ ಹಚ್ಚಿಕೊಂಡ ಗಂಡಸರೆಲ್ಲ
ಮಿರಿಮಿರಿ ಮಿಂಚುತ್ತಾ ಬೀದಿಯಲ್ಲಿ, ಬರೀ ಟವಲ್ಲಿನಲ್ಲಿ.
ನಾವು ನಕ್ಕಿದ್ದು ಆಮೇಲೆ, ಉರಿ ಆರಿದ ಮೇಲೆ.
ಅಮಾವಾಸ್ಯೆಗೊಮ್ಮೆ, ಒಲೆ ಪೂರ್ತಿ ತಣ್ಣಗಿರುವಾಗ,
ಹಗ್ಗಕ್ಕೆ ತೆಂಗಿನ ಗರಿ ಕಟ್ಟಿ ಮೇಲಿಂದ ಇಳಿಬಿಟ್ಟು ಜಗ್ಗಿ.
ಹಗ್ಗ ಅಟ್ಟದಲ್ಲಿದೆ, ನಿಮಗೇ ಬಿಟ್ಟಿದ್ದೇನೆ.

ಬೂದಿ ಮುಚ್ಚಿದ ಕೆಂಡ ಅಂತ ಮನುಷ್ಯರಿಗೆ ಹೇಳುತ್ತೇವಲ್ಲ,
ಬೂದಿಗೂ ಹೇಳಬೇಕು.
ಮಾರನೆಯ ದಿನವೂ ಒಳಗೊಂದು ಕಣ್ಣು ತೆರೆದಿರುತ್ತದೆ.
ಕಬ್ಬಿಣದ ಬಾಂಡ್ಲಿಗೆ ತೋಡಿ, ತಟ್ಟೆ ಮುಚ್ಚಿ, ಎರಡು ದಿನ ಬಿಡಿ.
ಕಸದ ಗಾಡಿಯ ಹುಡುಗಿ ಈ ವಠಾರದ ಬೂದಿಯಲ್ಲೇ
ಬೆರಳು ಸುಟ್ಟುಕೊಂಡಳು.
ಯಾರ ಮನೆಯದು ಅಂತ ಯಾರೂ ಒಪ್ಪಲಿಲ್ಲ.
ನಾವೂ.

ಇನ್ನು ಕಿಟಕಿ.
ಬಂದ ತಕ್ಷಣ ಕೇಳಿದಿರಿ, ಒಂದು ಗಾಜು ಯಾಕಿಲ್ಲ ಅಂತ.
ನಾನು ಹಂಡೆಯ ಕಡೆ ಮಾತು ತಿರುಗಿಸಿದೆ.

ನಾದಿನಿ ಸುಲೋಚನಾ, ಹಸಿ ಬಾಣಂತಿ, ಹನ್ನೊಂದನೆಯ ದಿನ.
ಗಾಳಿ ತಾಗಬಾರದೆಂದು ಅತ್ತೆ
ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದರು,
ನೀರು ಹಾಕಿ, ಮೈ ಒರೆಸಿ,
ಬೆವರಲಿ ಎಂದು ಕಾಲಬುಡಕ್ಕೆ ಕೆಂಡದ ಬಾಣಲೆ ಇಟ್ಟು
ಹೊರಬಂದರು. ಎಲ್ಲ ಅಕ್ಕರೆಯಿಂದಲೇ.
ಅವಳು ಚಿಲಕ ಹಾಕಿಕೊಂಡಳು.

ಹೊಗೆ ಇರಲಿಲ್ಲ.
ಕಮಟು ವಾಸನೆ ಇರಲಿಲ್ಲ.
ಬಳೆಯ ಸದ್ದು ನಿಂತಿತು, ಅಷ್ಟೇ.
ಮಗು ಅಳುತ್ತಿತ್ತು, ಇವಳು ಓಗೊಡಲಿಲ್ಲ.
ನನ್ನ ಕೈಯಲ್ಲಿ ಊದುಗೊಳವೆ ಇತ್ತು.

ಗಾಜಿನೊಳಗೆ ತೋಳು ತೂರಿಸಿ ಚಿಲಕ ಎಳೆದ ಗುರುತು ಇಲ್ಲಿದೆ ನೋಡಿ.
ಅಂಗಳದ ಕಲ್ಲಿನ ಮೇಲೆ ಮಲಗಿಸಿದೆವು.
ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದಳು.
ಆ ಮಗು ಈಗ ಏಳನೆಯ ಕ್ಲಾಸು.

ಅತ್ತೆ ಆ ಮಾತು ಮತ್ತೆ ಎತ್ತಲಿಲ್ಲ.
ಆದರೆ ಸುಣ್ಣ ಬಳಿಸಲು ಬಂದಾಗಲೆಲ್ಲ ಓನರು
ಗಾಜು ಹಾಕಿಸಿಬಿಡೋಣ ಅಂದರೆ
ಕುರ್ಚಿಯಿಂದ ಅವರೊಬ್ಬರದೇ ದನಿ: ಬೇಡ, ಇರಲಿ.

ಡಿಸೆಂಬರಿನಲ್ಲಿ ಅಲ್ಲಿಂದ ಚಳಿ ನುಗ್ಗುತ್ತದೆ.
ಬೈದುಕೊಳ್ಳಿ, ಮುಚ್ಚಬೇಡಿ.
ಪಾರಿವಾಳಕ್ಕೆಂದು ಜಾಲರಿ ಹೊಡೆಸಿದ್ದೇನೆ, ಅಷ್ಟು ಸಾಕು.

ಹಾರನ್ ಆಗುತ್ತಿದೆ.
ಹಂಡೆ, ಹಗ್ಗ, ಬಾಂಡ್ಲಿ ನಿಮ್ಮವು.
ಊದುಗೊಳವೆ ಮಾತ್ರ ನಾನು ತಗೊಂಡು ಹೋಗುತ್ತೇನೆ,
ನೀವು ಬೇರೆ ಕೊಂಡುಕೊಳ್ಳಿ.
ಹೋಗುವ ಮನೆಯಲ್ಲಿ ಗೀಸರ್ ಇದೆ,
ಗೊತ್ತು.